‘ಸ್ಥಳೀಯ’ ಎಂಬ ಪದ ಮತ್ತು ಗುಳೆಯ ಕೂಸು

೧

ಕನ್ನಡ ವಿಭಾಗವೊಂದರ ಸಂಸ್ಮರಣ ಸಂಪುಟದಲ್ಲಿ ಎಳೆಯ ಮಕ್ಕಳ ಆಹಾರ, ಆರೋಗ್ಯಗಳನ್ನು ಕುರಿತ ಲೇಖನಕ್ಕೆ ಏನು ಕೆಲಸವೆಂದು ಕೆಲವರಿಗಾದರೂ ಅನ್ನಿಸಬಹುದು. ಆ ವಿಷಯ ವೈದ್ಯರದು, ಪೋಷಣ ವಿಜ್ಞಾನಿಗಳದು, ಹೆಚ್ಚೆಂದರೆ ಅರ್ಥಶಾಸ್ತ್ರಜ್ಞರದು ಎಂದು ಬಿಟ್ಟುಕೊಟ್ಟು ಸುಮ್ಮನಿರುವುದು ನಮಗೆ ರೂಢಿಯಾಗಿದೆ. ಆದರೆ ಪದಗಳ ಅರ್ಥವನ್ನು ಜಿಜ್ಞಾಸೆಗೆ ಒಳಪಡಿಸುವುದು ಕನ್ನಡ ವಿಭಾಗಗಳ ನಿತ್ಯದ ಕಾಯಕವಷ್ಟೆ. ನಾನಿಲ್ಲಿ ಎತ್ತಿಕೊಂಡಿರುವುದು ಅಂಥ ಒಂದೇ ಒಂದು ಪದವನ್ನು: ‘ಸ್ಥಳೀಯ’.

೨೦೧೩ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯ ಐದನೆಯ ಪ್ರಕರಣವು ಆರು ತಿಂಗಳಿಂದ ಆರು ವರ್ಷದವರೆಗಿನ ಪ್ರತಿಯೊಂದು ಮಗುವಿಗೂ ವಯಸ್ಸಿಗೆ ತಕ್ಕ ಆಹಾರವನ್ನು ‘ಸ್ಥಳೀಯ ಅಂಗನವಾಡಿ’ಯ ಮೂಲಕ ಉಚಿತವಾಗಿ ಕೊಡಬೇಕೆಂದು ವಿಧಿಸುತ್ತದೆ. ಕಾಯಿದೆಯ ಅನುಸೂಚಿ ಅದರ ಅಳತೆಯನ್ನೂ ಹೇಳಿತು: ದಿನವೊಂದಕ್ಕೆ ೫೦೦ ಕಿಲೊ ಕ್ಯಾಲರಿ, ೧೨ರಿಂದ ೧೫ ಗ್ರಾಂ ಪ್ರೋಟೀನು, ಪೋಷಣೆಯ ಕೊರತೆಯಿಂದ ಬಳಲುವ ಮಗುವಿಗೆ ೮೦೦ ಕಿಲೊ ಕ್ಯಾಲರಿ, ೨೦ರಿಂದ ೨೫ ಗ್ರಾಂ ಪ್ರೋಟೀನು. ಹಿಂದೆ ಸರ್ಕಾರದ ಔದಾರ್ಯವಾಗಿದ್ದುದನ್ನು ಮಗುವಿನ ಹಕ್ಕಾಗಿ ಮಾರ್ಪಡಿಸಿದ ಈ ಕಾಯಿದೆಯ ಮಹತ್ವವನ್ನು ಯಾರೂ ಅಲ್ಲಗಳೆಯಲಾರರು. ಆದರೂ ‘ಸ್ಥಳೀಯ’ ಎಂಬ ಆ ಸಾಧಾರಣ ವಿಶೇಷಣದ ಬಳಿ ಒಂದು ಗಳಿಗೆ ನಿಲ್ಲಬೇಕಾಗಿದೆ. ವರ್ಷದ ಆರೇಳು ತಿಂಗಳನ್ನು ತನ್ನ ಊರಿನಿಂದಾಚೆ ಕಳೆಯುವ ಕೂಸಿಗೆ ಸ್ಥಳ ಯಾವುದು? ಅದು ಎಲ್ಲಿಯ ಸ್ಥಳೀಕ?

೨

ಈ ಪ್ರಶ್ನೆಯನ್ನು ಕೇಳಿಕೊಳ್ಳಲು ತಕ್ಕ ಜಾಗವೊಂದು ಗುಜರಾತಿನ ವಡೋದರ ನಗರದ ದಕ್ಷಿಣ ಭಾಗದಲ್ಲಿದೆ. ಅದರ ಹೆಸರು ಮಕರಪುರ. ಗಾಯಕವಾಡ ಅರಸರು ಹತ್ತೊಂಬತ್ತನೆಯ ಶತಮಾನದಲ್ಲಿ ಇಟಲಿಯ ವಾಸ್ತುಶೈಲಿಯಲ್ಲಿ ಅಲ್ಲೊಂದು ಬೇಸಿಗೆಯ ಅರಮನೆಯನ್ನು ಕಟ್ಟಿಸಿದರು. ಆ ಅರಮನೆ ಅನಂತರ ವಾಯುಪಡೆಯ ತರಬೇತಿ ಶಾಲೆಯಾಯಿತು. ಸುತ್ತಣ ಬಯಲಿನಲ್ಲಿ ಗುಜರಾತ್ ಕೈಗಾರಿಕಾ ಅಭಿವೃದ್ಧಿ ನಿಗಮದ ವಸಾಹತು ಬೆಳೆಯಿತು. ಅರಸರು ಬಿಸಿಲಿನಿಂದ ತಪ್ಪಿಸಿಕೊಳ್ಳಲು ಬರುತ್ತಿದ್ದ ಜಾಗಕ್ಕೆ ಈಗ ಜನ ಬಿಸಿಲಿನಲ್ಲಿ ದುಡಿಯಲು ಬರುತ್ತಾರೆ. ಹೆಸರಿನ ನಿಷ್ಪತ್ತಿ ಏನೇ ಇರಲಿ, ಕನ್ನಡದ ಕಿವಿಗೆ ಅದು ಮೊಸಳೆಯ ಊರೆಂದೇ ಕೇಳಿಸುತ್ತದೆ. ವಡೋದರದ ನಡುವೆ ಹರಿಯುವ ವಿಶ್ವಾಮಿತ್ರಿ ನದಿಯಲ್ಲಿ ಮೊಸಳೆಗಳೂ ಇವೆ. ೨೦೧೯ರ ಜುಲೈ ೩೧ರಂದು ಒಂದೇ ದಿನ ಐನೂರು ಮಿಲಿಮೀಟರಿನ ಆಸುಪಾಸು ಮಳೆ ಸುರಿದಾಗಲೂ, ೨೦೨೪ರ ಆಗಸ್ಟ್ ಕೊನೆಯ ವಾರ ನದಿ ಅಪಾಯದ ಮಟ್ಟವನ್ನು ಬಹಳವಾಗಿ ಮೀರಿ ಹರಿದಾಗಲೂ ಅವು ಬೀದಿಗಳಿಗೆ ಬಂದವು. ಪತ್ರಿಕೆಗಳಲ್ಲಿ ಬಂದ ಚಿತ್ರಗಳು ಮೊಸಳೆಗಳವು. ನೀರಿಳಿದ ಮೇಲೆ ಕಲುಷಿತ ನೀರು ಕುಡಿದು ಭೇದಿಯಿಂದ ಸೊರಗುವ ಕೂಸುಗಳ ಚಿತ್ರವನ್ನು ತೆಗೆಯುವವರು ವಿರಳ.

ವಡೋದರ, ಸೂರತ್, ಅಹಮದಾಬಾದು ನಗರಗಳ ಕಟ್ಟಡಗಳನ್ನೂ ರಸ್ತೆಗಳನ್ನೂ ಕಟ್ಟುವವರಲ್ಲಿ ದೊಡ್ಡ ಸಂಖ್ಯೆಯವರು ದಾಹೋದ್, ಪಂಚಮಹಲ್, ಛೋಟಾ ಉದೇಪುರ ಜಿಲ್ಲೆಗಳ ಆದಿವಾಸಿಗಳು. ಗಡಿಯಾಚೆಗಿನ ಮಧ್ಯಪ್ರದೇಶದ ಝಾಬುವಾ, ಅಲಿರಾಜಪುರ ಜಿಲ್ಲೆಗಳವರು. ಮಳೆಯನ್ನೇ ನಂಬಿದ ತುಂಡುನೆಲದಲ್ಲಿ ಮೆಕ್ಕೆಜೋಳ ಬೆಳೆದು, ದೀಪಾವಳಿಯ ಬಳಿಕ ಸಂಸಾರಸಮೇತ ಹೊರಟು, ಹೋಳಿಗೊಮ್ಮೆ ಊರಿಗೆ ಬಂದು, ಮತ್ತೆ ಹೋಗಿ ಮುಂಗಾರಿಗೆ ಹಿಂದಿರುಗುವುದು ಅವರ ವರ್ಷಚಕ್ರ. ಕಟ್ಟಡ ಏಳುತ್ತಿರುವ ಕಡೆ ಎರಡು ಕಂಬಗಳ ನಡುವೆ ಸೀರೆಯ ಜೋಲಿ ಕಟ್ಟಿ ಕೂಸನ್ನು ಮಲಗಿಸಿ, ತಾಯಿ ಮರಳು ಹೊರುತ್ತಿರುವ ದೃಶ್ಯವನ್ನು ನಾವೆಲ್ಲರೂ ಒಮ್ಮೆಯಾದರೂ ಕಂಡಿದ್ದೇವೆ. ಕಂಡು ಮುಂದೆ ಸಾಗಿದ್ದೇವೆ.

ಇದು ಗುಜರಾತಿನ ಕಥೆಯೆಂದು ನಾವು ಕೈತೊಳೆದುಕೊಳ್ಳುವಂತಿಲ್ಲ. ಇದಕ್ಕೆ ಕನ್ನಡದಲ್ಲಿ ಹಳೆಯದೊಂದು ಮಾತೇ ಇದೆ: ಗುಳೆ. ‘ವಲಸೆ’ ಎಂಬುದು ಹಕ್ಕಿಗಳಿಗೂ ವಿದ್ಯಾವಂತರಿಗೂ ಸಲ್ಲುವ ಮಾತು. ‘ಗುಳೆ’ ಎಂದರೆ ಬರ ಬಿದ್ದಾಗಲೋ ದಂಡು ಬಂದಾಗಲೋ ಮನೆಮಂದಿ, ಗಂಟುಮೂಟೆಗಳ ಸಮೇತ ಊರು ಬಿಡುವುದು. ಅದರಲ್ಲಿ ಕೂಸೂ ಸೇರಿದೆ, ತೊಟ್ಟಿಲೂ ಸೇರಿದೆ. ಯಾದಗಿರಿ, ರಾಯಚೂರು, ಕಲಬುರಗಿ, ವಿಜಯಪುರ, ಕೊಪ್ಪಳ ಜಿಲ್ಲೆಗಳಿಂದ ಬೆಂಗಳೂರು, ಮುಂಬಯಿ, ಪುಣೆ, ಗೋವಾ, ಹೈದರಾಬಾದುಗಳಿಗೆ ಹೋಗುವ ಗುಳೆ ಪ್ರತಿವರ್ಷದ್ದು. ಕರ್ನಾಟಕದ ೨೩೬ ತಾಲ್ಲೂಕುಗಳಲ್ಲಿ ೨೨೩ ಬರಪೀಡಿತವೆಂದು ಘೋಷಿತವಾದ ೨೦೨೩ರಂಥ ವರ್ಷಗಳಲ್ಲಿ ಅದು ಇನ್ನಷ್ಟು ದಟ್ಟವಾಗುತ್ತದೆ. ಮಕರಪುರದಲ್ಲಿ ಜೋಲಿಯಲ್ಲಿ ಮಲಗಿರುವ ಭಿಲ್ಲರ ಅಥವಾ ರಾಠವಾ ಕೂಸೂ ಪುಣೆಯಲ್ಲಿ ಜೋಲಿಯಲ್ಲಿ ಮಲಗಿರುವ ಸುರಪುರ ಸೀಮೆಯ ಕೂಸೂ ಬೇರೆ ಬೇರೆ ಭಾಷೆಗಳಲ್ಲಿ ಅಳುವುದಿಲ್ಲ.

೩

ಬಡೋದೆ ಮತ್ತು ಮೈಸೂರು, ಎರಡೂ ಮಾದರಿ ಸಂಸ್ಥಾನಗಳೆಂದು ಹೆಸರಾದವು. ಆಧುನಿಕ ಶಿಕ್ಷಣ, ಗ್ರಂಥಾಲಯ, ಕೈಗಾರಿಕೆಗಳ ವಿಷಯದಲ್ಲಿ ಇವುಗಳನ್ನು ಜೊತೆಯಾಗಿ ನೆನೆಯುವುದು ವಾಡಿಕೆ. ಆದರೆ ಇವೆರಡನ್ನೂ ಜೊತೆಗೂಡಿಸುವ ಇನ್ನೊಂದು ಚರಿತ್ರೆಯಿದೆ. ೧೮೭೧ರ ಗಣತಿಯಲ್ಲಿ ಐವತ್ತು ಲಕ್ಷವನ್ನು ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ, ೧೮೭೬-೭೮ರ ಮಹಾಕ್ಷಾಮದ ತರುವಾಯ ೧೮೮೧ರಲ್ಲಿ ಸುಮಾರು ನಲವತ್ತೆರಡು ಲಕ್ಷಕ್ಕೆ ಇಳಿಯಿತು. ೧೮೯೧ರಲ್ಲಿ ಇಪ್ಪತ್ತನಾಲ್ಕು ಲಕ್ಷದಷ್ಟಿದ್ದ ಬಡೋದೆಯ ಜನಸಂಖ್ಯೆ, ಗುಜರಾತಿಗಳು ವಿಕ್ರಮ ಸಂವತ್ತಿನ ೧೯೫೬ರ ಲೆಕ್ಕದಲ್ಲಿ ‘ಛಪ್ಪನಿಯೊ’ ಎಂದು ಇಂದಿಗೂ ನೆನೆಯುವ ೧೮೯೯-೧೯೦೦ರ ಕ್ಷಾಮದ ಬಳಿಕ, ೧೯೦೧ರಲ್ಲಿ ಇಪ್ಪತ್ತು ಲಕ್ಷಕ್ಕೂ ಕೆಳಗಿಳಿಯಿತು. ಮುಂಗಾರು ತಪ್ಪುವುದು ಈ ನೆಲಗಳಿಗೆ ಹೊಸತಲ್ಲ. ಸತ್ತವರಲ್ಲಿ ಮಕ್ಕಳ ಪಾಲು ದೊಡ್ಡದಾಗಿರುವುದೂ ಎಲ್ಲ ಕ್ಷಾಮಗಳಿಗೂ ಸಮಾನವಾದ ಲಕ್ಷಣ.

ಸ್ವತಂತ್ರ ಭಾರತ ಈ ಚರಿತ್ರೆಗೆ ಕೊಟ್ಟ ಉತ್ತರಗಳಲ್ಲಿ ಮುಖ್ಯವಾದುದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ. ೧೯೭೫ರ ಅಕ್ಟೋಬರ್ ೨ರಂದು ದೇಶದ ೩೩ ಕಡೆಗಳಲ್ಲಿ ಪ್ರಾಯೋಗಿಕವಾಗಿ ಅದು ಆರಂಭವಾಯಿತು. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ; ಗುಜರಾತಿನಲ್ಲಿ, ಆಗ ವಡೋದರ ಜಿಲ್ಲೆಗೆ ಸೇರಿದ್ದ ಛೋಟಾ ಉದೇಪುರ. ಅಂದರೆ ಇಂದು ಮಕರಪುರದಂಥ ಕಡೆಗಳಿಗೆ ಕೂಸನ್ನೆತ್ತಿಕೊಂಡು ದುಡಿಯಲು ಬರುವ ತಾಯಂದಿರ ಸೀಮೆಯಲ್ಲಿ ಅಂಗನವಾಡಿ ಎಂಬುದು ಅರ್ಧ ಶತಮಾನದಷ್ಟು ಹಳೆಯದು. ಆ ತಾಯಿ ಅಂಗನವಾಡಿಯನ್ನು ಕಾಣದವಳಲ್ಲ. ಅದನ್ನು ಹಿಂದೆ ಬಿಟ್ಟು ಬಂದವಳು.

ಅರ್ಧ ಶತಮಾನದ ಫಲವನ್ನು ಅಂಕಿ ಅಂಶಗಳಲ್ಲಿ ನೋಡಬಹುದು. ೨೦೧೯-೨೧ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಐದು ವರ್ಷದೊಳಗಿನ ಮಕ್ಕಳಲ್ಲಿ ವಯಸ್ಸಿಗೆ ತಕ್ಕ ಎತ್ತರವಿಲ್ಲದೆ ಗಿಡ್ಡಾದವರು ಗುಜರಾತಿನಲ್ಲಿ ನೂರಕ್ಕೆ ೩೯, ಕರ್ನಾಟಕದಲ್ಲಿ ೩೫.೪, ಎತ್ತರಕ್ಕೆ ತಕ್ಕ ತೂಕವಿಲ್ಲದೆ ಸೊರಗಿದವರು ಅನುಕ್ರಮವಾಗಿ ೨೫.೧ ಮತ್ತು ೧೯.೫. ಆರು ತಿಂಗಳಿಂದ ಐದು ವರ್ಷದೊಳಗಿನವರಲ್ಲಿ ರಕ್ತಹೀನತೆ ಗುಜರಾತಿನಲ್ಲಿ ನೂರಕ್ಕೆ ೭೯.೭, ಕರ್ನಾಟಕದಲ್ಲಿ ೬೫.೫. ಇನ್ನೂ ಕಳವಳಕಾರಿಯಾದ ಅಂಕಿಯೆಂದರೆ, ಆರರಿಂದ ಇಪ್ಪತ್ತಮೂರು ತಿಂಗಳ ಮಕ್ಕಳಲ್ಲಿ ಸಾಕಷ್ಟು ಆಹಾರ ದೊರೆಯುತ್ತಿದ್ದುದು ಇಡೀ ದೇಶದಲ್ಲಿ ನೂರಕ್ಕೆ ೧೧.೩ ಮಂದಿಗೆ, ಗುಜರಾತಿನಲ್ಲಿ ೫.೯ ಮಂದಿಗೆ. ಕ್ಷೀರಕ್ರಾಂತಿಯ ತವರಾದ ಆನಂದವನ್ನು ತನ್ನ ಮಡಿಲಲ್ಲಿಟ್ಟುಕೊಂಡ, ಕೈಗಾರಿಕೆಯಲ್ಲಿ ಮುಂದಿರುವ ರಾಜ್ಯದ ಸ್ಥಿತಿ ಇದು. ಸಂಪತ್ತು ತಾನಾಗಿಯೇ ಕೂಸಿನ ಬಟ್ಟಲಿಗೆ ಇಳಿದು ಬರುವುದಿಲ್ಲವೆಂಬುದಕ್ಕೆ ಬೇರೆ ಪ್ರಮಾಣ ಬೇಕಿಲ್ಲ.

೪

ಹವಾಮಾನ ವೈಪರೀತ್ಯದ ಪ್ರಶ್ನೆ ಇಲ್ಲಿಯೇ ಬಂದು ಸೇರಿಕೊಳ್ಳುತ್ತದೆ. ಯುನಿಸೆಫ್ ಸಂಸ್ಥೆ ೨೦೨೧ರಲ್ಲಿ ಮಕ್ಕಳಿಗೆ ಹವಾಮಾನದಿಂದ ಒದಗುವ ಅಪಾಯದ ಸೂಚಿಯೊಂದನ್ನು ಪ್ರಕಟಿಸಿದಾಗ ೧೬೩ ದೇಶಗಳಲ್ಲಿ ಭಾರತದ ಸ್ಥಾನ ೨೬ನೆಯದಾಗಿತ್ತು; ಅತ್ಯಧಿಕ ಅಪಾಯದ ದೇಶಗಳ ಸಾಲಿನಲ್ಲಿ ಅದು ನಿಂತಿತು. ಈ ಅಪಾಯ ಮಗುವಿನ ಒಡಲನ್ನು ಮುಟ್ಟುವ ದಾರಿಗಳು ಹಲವು. ಮಳೆ ತಪ್ಪಿದರೆ ಮನೆಯ ಧಾನ್ಯವೂ ಕೂಲಿಯೂ ಒಟ್ಟಿಗೆ ತಪ್ಪುತ್ತವೆ. ಮಳೆ ಅತಿಯಾದರೆ ಕುಡಿಯುವ ನೀರಿಗೆ ಚರಂಡಿ ಬೆರೆಯುತ್ತದೆ. ಮೇಲಿಂದ ಮೇಲೆ ಭೇದಿಯಾಗುವ ಕೂಸಿನ ಕರುಳು ತಿಂದ ಅನ್ನವನ್ನು ಮೈಗೆ ಹತ್ತಗೊಡುವುದಿಲ್ಲ. ಬಿಸಿಲು ಏರಿದರೆ ಹಸಿವು ಇಂಗುತ್ತದೆ, ಮೈಯ ನೀರು ಆರುತ್ತದೆ. ಬಿಸಿಲಲ್ಲಿ ದುಡಿಯುವ ತಾಯಿಗೆ ಕೂಸಿಗೆ ಮೊಲೆಯೂಡಿಸಲು ಬಿಡುವೂ ಸಿಗದು, ನೆರಳೂ ಸಿಗದು. ಆರು ತಿಂಗಳವರೆಗೆ ಕೂಸಿಗೆ ತಾಯಿಯ ಹಾಲಲ್ಲದೆ ಬೇಸಿಗೆಯಲ್ಲೂ ಬೇರೆ ನೀರು ಬೇಡವೆಂಬ ಅಮೂಲ್ಯವಾದ ತಿಳಿವಳಿಕೆ ಇಂಥ ಕಡೆ ವ್ಯರ್ಥವಾಗುತ್ತದೆ.

ಆದರೆ ಇದು ವಿಧಿಯೆಂದು ಕೈಕಟ್ಟಿ ಕೂರಬೇಕಾಗಿಲ್ಲ ಎಂಬುದಕ್ಕೂ ಗುಜರಾತೇ ಸಾಕ್ಷಿ ಒದಗಿಸಿದೆ. ೨೦೧೦ರ ಮೇ ತಿಂಗಳಲ್ಲಿ ಅಹಮದಾಬಾದಿನ ಉಷ್ಣತೆ ೪೬.೮ ಡಿಗ್ರಿ ಸೆಲ್ಸಿಯಸ್ ತಲುಪಿತು. ಆ ಒಂದು ತಿಂಗಳಲ್ಲಿ, ಸಾಮಾನ್ಯ ವರ್ಷಗಳಿಗಿಂತ ೧,೩೪೪ ಸಾವುಗಳು ಹೆಚ್ಚಾಗಿ ಸಂಭವಿಸಿದ್ದವೆಂದು ಅನಂತರದ ಅಧ್ಯಯನ ಲೆಕ್ಕಹಾಕಿತು. ಅದೇ ಬೇಸಿಗೆಯಲ್ಲಿ ನಗರದ ಸಾರ್ವಜನಿಕ ಆಸ್ಪತ್ರೆಯೊಂದರಲ್ಲಿ ಬಿಸಿಲ ತಾಪದಿಂದ ನವಜಾತ ಶಿಶುಗಳು ತೀವ್ರ ನಿಗಾ ಘಟಕಕ್ಕೆ ಹೆಚ್ಚಾಗಿ ದಾಖಲಾದುದನ್ನು ವೈದ್ಯರು ಗಮನಿಸಿದರು. ಕಾರಣ ಹುಡುಕಿದರೆ ಹೆರಿಗೆಯ ವಾರ್ಡು ಇದ್ದುದು ಮೇಲ್ಮಹಡಿಯಲ್ಲಿ, ಕಾದ ತಾರಸಿಯ ಕೆಳಗೆ. ಅದನ್ನು ಕೆಳಗಿನ ಮಹಡಿಗೆ ವರ್ಗಾಯಿಸಿದ ಮೇಲೆ ಹಾಗೆ ದಾಖಲಾಗುವ ಶಿಶುಗಳ ಪ್ರಮಾಣ ಗಣನೀಯವಾಗಿ ಇಳಿಯಿತು. ೨೦೧೩ರಲ್ಲಿ ಅಹಮದಾಬಾದು ರೂಪಿಸಿದ ಬಿಸಿಗಾಳಿ ಮುನ್ನೆಚ್ಚರಿಕೆಯ ಯೋಜನೆ ದಕ್ಷಿಣ ಏಷ್ಯಾದಲ್ಲೇ ಮೊದಲನೆಯದೆನಿಸಿತು. ಸೂರತ್ತಿನದೂ ಇಂಥದೇ ಪಾಠ. ೧೯೯೪ರ ಪ್ಲೇಗಿನ ಭೀತಿಯಲ್ಲಿ ಜನ ಗುಂಪುಗುಂಪಾಗಿ ಬಿಟ್ಟೋಡಿದ ಆ ನಗರ, ಮುಂದಿನ ಎರಡು ಮೂರು ವರ್ಷಗಳಲ್ಲಿ ತನ್ನ ಬೀದಿಗಳನ್ನು ಶುಚಿಗೊಳಿಸಿಕೊಂಡು ದೇಶಕ್ಕೆ ಮಾದರಿಯಾಯಿತು. ಶುಚಿಯಾದ ನೀರು, ಶುಚಿಯಾದ ಬೀದಿ ಇವೂ ಆಹಾರದ ಭಾಗವೇ. ೧೯೯೬ರಲ್ಲಿ ವಿ. ರಾಮಲಿಂಗಸ್ವಾಮಿಯವರು ಸಹಲೇಖಕರೊಡನೆ ಬರೆದ ಪ್ರಸಿದ್ಧ ಲೇಖನವೊಂದರಲ್ಲಿ, ಆಫ್ರಿಕದ ಮಕ್ಕಳಿಗಿಂತ ದಕ್ಷಿಣ ಏಷ್ಯಾದ ಮಕ್ಕಳು ಏಕೆ ಹೆಚ್ಚು ಸೊರಗಿದ್ದಾರೆಂಬ ಒಗಟಿಗೆ ಉತ್ತರವನ್ನು ಕೇವಲ ಧಾನ್ಯದ ಕೊರತೆಯಲ್ಲಿ ಹುಡುಕದೆ, ತಾಯಂದಿರ ಸ್ಥಿತಿಗತಿ ಮತ್ತು ನೈರ್ಮಲ್ಯಗಳಲ್ಲಿ ಹುಡುಕಿದ್ದನ್ನು ಇಲ್ಲಿ ನೆನೆಯಬಹುದು.

ಈ ಎಲ್ಲ ಸುಧಾರಣೆಗಳ ಫಲ ನಗರದಲ್ಲಿ ಹೆಸರು ದಾಖಲಾಗಿರುವ ಮಗುವಿಗೆ ಬೇಗ ತಲುಪುತ್ತದೆ. ಹೆಸರಿಲ್ಲದ ಮಗುವಿಗೆ?

೫

ಶಾಲೆಗೆ ಹೋಗುವ ವಯಸ್ಸಿನ ಮಕ್ಕಳನ್ನು ಗುಳೆಯ ಕಾಲದಲ್ಲಿ ಊರಲ್ಲೇ ಉಳಿಸಿಕೊಳ್ಳಲು ಋತುಮಾನಿಕ ವಸತಿನಿಲಯಗಳ ವ್ಯವಸ್ಥೆ ಎರಡೂ ರಾಜ್ಯಗಳಲ್ಲಿ ನಡೆದಿದೆ. ಎದೆಹಾಲು ಕುಡಿಯುವ ಕೂಸನ್ನು ಹಾಗೆ ಬಿಟ್ಟುಹೋಗುವಂತಿಲ್ಲ. ಅದು ತಾಯಿಯೊಡನೆ ಹೊರಡಲೇಬೇಕು. ಎಂಟು ತಿಂಗಳ ಕೂಸೊಂದು ಕಾರ್ತೀಕದಲ್ಲಿ ಊರು ಬಿಟ್ಟು ಜ್ಯೇಷ್ಠದಲ್ಲಿ ಮರಳುತ್ತದೆ ಎಂದುಕೊಳ್ಳೋಣ. ಎದೆಹಾಲಿನ ಜೊತೆಗೆ ಮೆತ್ತನೆಯ ಅನ್ನ, ಬೇಳೆ, ತುಪ್ಪ, ಮೊಟ್ಟೆಗಳನ್ನು ದಿನಕ್ಕೆ ಹಲವು ಬಾರಿ ಉಣಿಸಬೇಕಾದ ಕಾಲ ಅದು. ಗರ್ಭ ನಿಂತಂದಿನಿಂದ ಎರಡು ವರ್ಷ ತುಂಬುವವರೆಗಿನ ಸಾವಿರ ದಿನಗಳಲ್ಲಿ ಕಳೆದುಕೊಂಡ ಎತ್ತರವನ್ನೂ ಬುದ್ಧಿಯ ಚುರುಕನ್ನೂ ಮುಂದೆ ಪೂರ್ತಿಯಾಗಿ ಮರಳಿ ಪಡೆಯುವುದು ಬಹಳ ಕಷ್ಟ. ಆ ಸಾವಿರ ದಿನಗಳಲ್ಲಿ ಇನ್ನೂರಕ್ಕೂ ಹೆಚ್ಚು ದಿನ ಈ ಕೂಸಿಗೆ ಸ್ಥಳೀಯ ಅಂಗನವಾಡಿಯೆಂಬುದು ಇಲ್ಲ. ಊರಿನ ದಾಖಲೆಯಲ್ಲಿ ಅದು ‘ಗೈರುಹಾಜರು’. ನಗರದ ದಾಖಲೆಯಲ್ಲಿ ಅದು ಹುಟ್ಟಿಯೇ ಇಲ್ಲ.

ಕಾನೂನಿನ ಆಧಾರವಿಲ್ಲವೆಂದೇನೂ ಅಲ್ಲ. ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ೨೦೦೬ರ ಡಿಸೆಂಬರ್ ೧೩ರಂದು ಕೊಟ್ಟ ಆದೇಶದ ಪ್ರಕಾರ, ಆರು ವರ್ಷದೊಳಗಿನ ನಲವತ್ತು ಮಕ್ಕಳಿರುವ ಯಾವುದೇ ವಸತಿ ಅಂಗನವಾಡಿ ಬೇಕೆಂದು ಕೇಳಿದರೆ ಮೂರು ತಿಂಗಳೊಳಗೆ ಅದನ್ನು ಒದಗಿಸಬೇಕು. ಆದರೆ ಮೂರು ತಿಂಗಳಾಗುವಷ್ಟರಲ್ಲಿ ಗುಳೆಯ ಬಿಡಾರ ಅರ್ಧ ಋತುವನ್ನು ಕಳೆದಿರುತ್ತದೆ, ಇಲ್ಲವೆ ಮುಕಾದಮನ ಮಾತಿನಂತೆ ಇನ್ನೊಂದು ಕಟ್ಟಡಕ್ಕೆ ಹೋಗಿರುತ್ತದೆ. ಕಟ್ಟಡ ಕಾರ್ಮಿಕರ ೧೯೯೬ರ ಕಾಯಿದೆ, ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ ಶಿಶುಧಾಮವಿರಬೇಕೆಂದು ವಿಧಿಸಿತು. ಕೆಲಸವನ್ನು ಸಣ್ಣಸಣ್ಣ ಗುತ್ತಿಗೆಗಳಾಗಿ ಹಂಚಿಬಿಟ್ಟರೆ ಯಾವ ಗುತ್ತಿಗೆದಾರನ ಲೆಕ್ಕದಲ್ಲೂ ಐವತ್ತು ತುಂಬುವುದಿಲ್ಲ. ೨೦೧೯ರಿಂದ ಹಂತಹಂತವಾಗಿ ಬಂದ ‘ಒಂದು ದೇಶ, ಒಂದು ಪಡಿತರ ಚೀಟಿ’ ವ್ಯವಸ್ಥೆಯಿಂದ ಗುಳೆಯ ಕುಟುಂಬ ತನ್ನ ಪಾಲಿನ ಅಕ್ಕಿ, ಗೋಧಿಯನ್ನು ಬೇರೆ ರಾಜ್ಯದಲ್ಲೂ ಪಡೆಯುವುದು ಸಾಧ್ಯವಾಯಿತು. ಇದು ದೊಡ್ಡ ಹೆಜ್ಜೆಯೇ ಸರಿ. ಆದರೆ ಎಂಟು ತಿಂಗಳ ಕೂಸು ಪಡಿತರದ ಗೋಧಿಯನ್ನು ಅಗಿಯಲಾರದು. ೨೦೨೧ರಲ್ಲಿ ಬಂದ ‘ಪೋಷಣ್ ಟ್ರ್ಯಾಕರ್’ ಎಂಬ ಗಣಕ ವ್ಯವಸ್ಥೆಯಲ್ಲಿ ಫಲಾನುಭವಿಯ ಹೆಸರನ್ನು ಒಂದು ಅಂಗನವಾಡಿಯಿಂದ ಇನ್ನೊಂದಕ್ಕೆ ವರ್ಗಾಯಿಸುವ ಅವಕಾಶವಿದೆ. ತಾಯಿ ಕೇಳಿದರಲ್ಲವೇ ವರ್ಗಾವಣೆ? ಯಾರನ್ನು, ಎಲ್ಲಿ, ಯಾವ ಭಾಷೆಯಲ್ಲಿ ಕೇಳಬೇಕು?

ಇದಕ್ಕೆ ಆಡಳಿತದ ಕಡೆಯಿಂದ ಎರಡು ಆಕ್ಷೇಪಗಳು ಬರುತ್ತವೆ. ಎರಡೂ ತೀರ ತಳ್ಳಿಹಾಕುವಂಥವಲ್ಲ. ಒಂದೇ ಮಗು ಎರಡು ಕಡೆ ಲೆಕ್ಕಕ್ಕೆ ಬಂದು ಆಹಾರ ಪೋಲಾಗುತ್ತದೆ ಎಂಬುದು ಮೊದಲನೆಯದು. ಎರಡು ಕಡೆಯ ಲೆಕ್ಕಕ್ಕೂ ಬಾರದ ಮಗುವಿನಿಂದಾಗುವ ನಷ್ಟದೊಡನೆ ಹೋಲಿಸಿದರೆ ಈ ಪೋಲು ಅತ್ಯಲ್ಪವೆಂಬುದು ನನ್ನ ಉತ್ತರ. ಗೌರವಧನದ ಮೇಲೆ ದುಡಿಯುವ ಅಂಗನವಾಡಿ ಕಾರ್ಯಕರ್ತೆಯ ಹೆಗಲ ಮೇಲೆ ಇನ್ನೂ ಮೂವತ್ತು ನಲವತ್ತು ಮಕ್ಕಳನ್ನು ಹೇರುವುದು ನ್ಯಾಯವೇ ಎಂಬುದು ಎರಡನೆಯದು. ಖಂಡಿತ ನ್ಯಾಯವಲ್ಲ. ಆದ್ದರಿಂದಲೇ ಗುಳೆ ಬಂದಿಳಿಯುವ ನಗರದ ವಾರ್ಡುಗಳಿಗೆ ಕಾರ್ತೀಕದಿಂದ ಜ್ಯೇಷ್ಠದವರೆಗೆ ಹೆಚ್ಚುವರಿ ಆಹಾರವನ್ನೂ ಹೆಚ್ಚುವರಿ ಸಹಾಯಕಿಯರನ್ನೂ ಮುಂಚಿತವಾಗಿಯೇ ಮಂಜೂರು ಮಾಡಬೇಕೆಂದು ನಾನು ಹೇಳುವುದು. ಗುಳೆ ಅನಿರೀಕ್ಷಿತವಾದ ವಿಪತ್ತಲ್ಲ, ಪಂಚಾಂಗದಷ್ಟು ಖಚಿತವಾದದ್ದು. ಇನ್ನು, ಗುಳೆಯನ್ನೇ ತಡೆಯಬೇಕೆನ್ನುವವರ ಮಾತು ಸರಿಯಾದದ್ದೇ. ಊರಲ್ಲೇ ಕೆಲಸ, ಕೆರೆಗಳ ಹೂಳೆತ್ತುವುದು, ಮಳೆಗೆ ತಕ್ಕ ಬೆಳೆ ಇವೆಲ್ಲ ಆಗಬೇಕು. ಆದರೆ ಅದು ಆಗುವವರೆಗೆ ಸಾವಿರ ದಿನಗಳು ಕಾಯುವುದಿಲ್ಲ.

ಆದಕಾರಣ ‘ಸ್ಥಳೀಯ ಅಂಗನವಾಡಿ’ ಎಂಬ ಮಾತನ್ನು, ಮಗು ಇಂದು ಎಲ್ಲಿದೆಯೋ ಅಲ್ಲಿಗೆ ಸಮೀಪವಾದ ಅಂಗನವಾಡಿ ಎಂದೇ ಅರ್ಥೈಸಬೇಕು. ಬಾಗಿಲಿಗೆ ಬಂದ ಕೂಸಿನ ತೂಕ ನೋಡಿ, ಉಣಿಸಿ, ಆಮೇಲೆ ಕಾಗದವನ್ನು ಕೇಳಬೇಕು. ನೆರಳು, ಕುಡಿಯುವ ನೀರು, ಶಿಶುಧಾಮಗಳಿಲ್ಲದ ನಿರ್ಮಾಣಕ್ಕೆ ನಗರಸಭೆ ಪರವಾನಗಿ ಕೊಡಬಾರದು. ಶಿಶುಧಾಮದ ಲೆಕ್ಕ ಇಡೀ ನಿವೇಶನದ್ದಾಗಬೇಕೇ ಹೊರತು ಒಬ್ಬೊಬ್ಬ ಗುತ್ತಿಗೆದಾರನದಲ್ಲ. ದೆಹಲಿಯಲ್ಲಿ ೧೯೬೯ರಲ್ಲಿ ಮೀರಾ ಮಹಾದೇವನ್ ಅವರು ಕಟ್ಟಡ ಕೆಲಸದ ಜಾಗದಲ್ಲೇ ‘ಮೊಬೈಲ್ ಕ್ರೆಷ್’ ಆರಂಭಿಸಿ ಇದು ಸಾಧ್ಯವೆಂದು ತೋರಿಸಿ ಅರ್ಧ ಶತಮಾನ ಮೀರಿತು.

೬

ಇನ್ನು ನಮ್ಮ ಪಾಲಿನ ಕೆಲಸ. ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ರೂಪುಗೊಂಡ, ಎಮ್ಮೆಯ ಹಾಲಿನಿಂದ ಶಿಶು ಆಹಾರ ತಯಾರಿಸುವ ವಿಧಾನ ಹಿಂದೆ ಗುಜರಾತಿನ ಆನಂದಕ್ಕೆ ಹೋಗಿ ಅಲ್ಲಿಯ ಸಹಕಾರಿ ಡೈರಿಯಲ್ಲಿ ಬಳಕೆಗೆ ಬಂತು. ಆಹಾರದ ಸೂತ್ರ ರಾಜ್ಯಗಳ ಗಡಿಯನ್ನು ದಾಟಬಲ್ಲುದಾದರೆ ಆಹಾರದ ಹಕ್ಕು ಏಕೆ ದಾಟಬಾರದು? ಅದು ದಾಟಬೇಕಾದರೆ ಮಾತು ಮೊದಲು ದಾಟಬೇಕು. ಸರ್ಕಾರದ ಕನ್ನಡದಲ್ಲಿ ‘ಅಪೌಷ್ಟಿಕತೆ’ ಎಂಬ ಪದ ನೆಲೆಯೂರಿದೆ. ಅದು ಗಿಡ್ಡಾಗುವುದನ್ನೂ ಸೊರಗುವುದನ್ನೂ ರಕ್ತ ಕಡಿಮೆಯಾಗುವುದನ್ನೂ ಒಂದೇ ಮೂಟೆಗೆ ತುಂಬಿ, ಕೇಳಿದ ತಾಯಿಗೆ ಏನನ್ನೂ ತಿಳಿಸದೆ ಹೋಗುತ್ತದೆ. ‘ಕೂಸು ಸೊರಗೈತಿ’ ಎಂದು ಅಜ್ಜಿ ಹೇಳಿದಾಗ ಅದರಲ್ಲಿ ರೋಗದ ಹೆಸರೂ ಇದೆ, ಮರುಕವೂ ಇದೆ, ಏನಾದರೂ ಮಾಡಬೇಕೆಂಬ ಒತ್ತಾಯವೂ ಇದೆ. ಅಂಬಲಿ, ಗಂಜಿ, ರಾಗಿ ಸರಿ, ಜೋಳದ ನುಚ್ಚು ಇವು ಅಡುಗೆಯ ಹೆಸರುಗಳು ಮಾತ್ರವಲ್ಲ. ಬರದ ನೆಲ ತನ್ನ ಮಕ್ಕಳನ್ನು ಸಾಕಲು ಕಂಡುಕೊಂಡ ಉಪಾಯಗಳು. ಗುಜರಾತಿನ ತಾಯಂದಿರು ಸಜ್ಜೆ ಹಿಟ್ಟು, ಬೆಲ್ಲ, ತುಪ್ಪಗಳಿಂದ ಕಾಸುವ ‘ರಾಬ್’ ಇವುಗಳ ನೆಂಟ. ಜಾನಪದ ವಿಭಾಗಗಳು ಸಂಗ್ರಹಿಸಬೇಕಾದುದು ಹಾಡು, ಕಥೆಗಳನ್ನು ಮಾತ್ರವಲ್ಲ.

ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರ ಪುಸ್ತಕಗಳ ಕಾಲದಲ್ಲಿ ಅಧ್ಯಾಪಕರು ಹಳ್ಳಿಗಳಿಗೆ ಹೋಗಿ ಉಪನ್ಯಾಸ ಕೊಡುವುದನ್ನೂ, ಅದನ್ನು ಕಿರುಹೊತ್ತಗೆಯಾಗಿ ಅಚ್ಚುಹಾಕಿಸುವುದನ್ನೂ ವಿದ್ವತ್ತಿಗೆ ಕಡಮೆಯೆಂದು ಭಾವಿಸಿರಲಿಲ್ಲ. ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನರ ‘ತಾಯಿ-ಮಗು’ ಕೃತಿ ಅಸಂಖ್ಯ ಕನ್ನಡ ಮನೆಗಳನ್ನು ಹೊಕ್ಕಿತು. ಆ ಪರಂಪರೆಯ ಮುಂದುವರಿಕೆಯಾಗಿ ನಮ್ಮ ವಿಭಾಗಗಳು ಒಂದು ಸಣ್ಣ ಕೆಲಸವನ್ನು ಕೈಗೊಳ್ಳಬಹುದು. ಗುಳೆ ಹೊರಡುವ ತಾಯಿಯ ಕೈಯಲ್ಲಿರಬೇಕಾದ ಹತ್ತು ಪುಟದ ಕೈಪಿಡಿ: ಒಂದು ಮಗ್ಗುಲಲ್ಲಿ ಅವಳಾಡುವ ಕನ್ನಡ, ಇನ್ನೊಂದು ಮಗ್ಗುಲಲ್ಲಿ ಅವಳು ಹೋಗುವ ಊರಿನ ಮರಾಠಿ, ತೆಲುಗು ಅಥವಾ ಕೊಂಕಣಿ. ಮಗುವಿನ ವಯಸ್ಸು, ತೂಕ, ಹಾಕಿಸಿದ ಲಸಿಕೆ. ಅಂಗನವಾಡಿ ಎಲ್ಲಿದೆಯೆಂದು ಕೇಳುವ ಬಗೆ. ಇದು ದಾನವಲ್ಲ, ಹಕ್ಕು ಎಂದು ತಿಳಿಸುವ ಒಂದು ವಾಕ್ಯ. ಓದಲು ಬಾರದ ತಾಯಿಗೆ ಅದನ್ನು ಓದಿ ಹೇಳಲು ಆಯಾ ತಾಲ್ಲೂಕಿನಿಂದ ಬಂದ ನಮ್ಮ ವಿದ್ಯಾರ್ಥಿಗಳೇ ಇದ್ದಾರೆ. ಅವರಲ್ಲಿ ಕೆಲವರು ಸ್ವತಃ ಗುಳೆಯ ಜೋಲಿಯಲ್ಲಿ ಬೆಳೆದವರಿರಬಹುದು. ವಡೋದರದ ಗುಜರಾತಿ ವಿಭಾಗದವರು ಛೋಟಾ ಉದೇಪುರದ ತಾಯಂದಿರಿಗಾಗಿ ಇಂಥದೇ ಕೆಲಸ ಮಾಡುವಂತೆ ಅವರಿಗೆ ನಾವೊಂದು ಪತ್ರ ಬರೆಯಬಹುದು.

‘ಸ್ಥಳ’ ಎಂಬ ಪದಕ್ಕೆ ಕನ್ನಡದಲ್ಲಿ ದೊಡ್ಡ ಚರಿತ್ರೆಯಿದೆ. ವಚನಕಾರರಿಂದ ಮೊದಲಾಗಿ ವೀರಶೈವ ದರ್ಶನದಲ್ಲಿ ಅದು ನಿಂತ ನೆಲವನ್ನಲ್ಲ, ಸಾಧಕನು ಏರುವ ಮೆಟ್ಟಿಲನ್ನು ಸೂಚಿಸಿತು. ನೆಲಕ್ಕೆ ಅಂಟಿದ್ದ ಮಾತೊಂದನ್ನು ನಡೆಯುವವನ ಜೊತೆಗೆ ನಡೆಯುವಂತೆ ಮಾಡಿದ ಭಾಷೆ ನಮ್ಮದು. ಕಾಯಿದೆಯಲ್ಲಿರುವ ‘ಸ್ಥಳೀಯ’ ಎಂಬ ಪದವನ್ನು ಒಂದು ಕೂಸಿನ ಜೊತೆಗೆ ನಡೆಸುವುದು ಅದಕ್ಕೆ ಅಸಾಧ್ಯವಾಗಲಾರದು. ಮುಂದಿನ ಕಾರ್ತೀಕದಲ್ಲಿ ಗುಳೆಯ ಬಸ್ಸುಗಳು ಹೊರಡುವ ಮುನ್ನ ಆ ಹತ್ತು ಪುಟಗಳಾದರೂ ಸಿದ್ಧವಾಗಿರಬೇಕು.